ಪತ್ರಾಸಿನ ನೀರು ಬೀಳುವ ಜಾಗ

ಹೋದ ಮಳೆಗಾಲದಲ್ಲಿ ಒಂದು ದಿನ ಮಾರ್ಕೆಟ್ಟಿನಲ್ಲಿ 120 ರೂಪಾಯಿ ಉಳಿಸಿಕೊಂಡು ಬಂದೆ. ಚೌಕಾಸಿ ನನಗೆ ಬರುವ ವಿದ್ಯೆಯಲ್ಲ. ಹೇಳಿದ ರೇಟಿಗೆ ತಂದು ಮನೆಯಲ್ಲಿ ಬೈಸಿಕೊಳ್ಳುವವನು ನಾನು. ಹಾಗಾಗಿ ಅವತ್ತು ಸ್ಕೂಟರ್ ನಿಲ್ಲಿಸಿ ಮೆಟ್ಟಿಲು ಹತ್ತುವಾಗ ಒಳಗೊಳಗೇ ಖುಷಿ. ಅವ್ವ ಚೀಲ ಇಸಿದುಕೊಂಡಳು, ಒಳಗೆ ಕೈ ಹಾಕಿ ನೋಡಿದಳು, ಒಂದು ಪ್ರಶ್ನೆ ಕೇಳಿದಳು. ಅದು ಏನಂತ ಆಮೇಲೆ ಹೇಳ್ತೀನಿ. ವರ್ಷ ಆಯ್ತು, ಆ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ಆಗಾಗ ನಾಲಿಗೆ ಅಲ್ಲಿಗೇ ಹೋಗುತ್ತದೆ.

ಬೆಳಗಾವಿಯ ಜುಲೈ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಒಗೆದ ಬಟ್ಟೆ ಮೂರು ದಿನ ಆದರೂ ಒಣಗುವುದಿಲ್ಲ. ಉಪ್ಪಿನ ಡಬ್ಬಿ ನೀರು ಬಿಡುತ್ತದೆ. ಮಧ್ಯಾಹ್ನ 12ಕ್ಕೂ ಲೈಟ್ ಹಾಕಬೇಕು. ಪುನರ್ವಸು ಮಳೆಗೆ ನಮ್ಮ ಗಲ್ಲಿಯ ಮರಾಠಿ ಮಂದಿ ತರಣಾ ಅಂತಾರೆ, ಅಂದ್ರೆ ಹರೆಯದ ಮಳೆ. ಅದರ ಹಿಂದೆ ಬರುವ ಪುಷ್ಯ ಮ್ಹಾತಾರಾ, ಮುದುಕ ಮಳೆ. ಹರೆಯದ್ದು ಬಡಿದು ಹೊಡೆದು ಹೋಗುತ್ತದೆ, ಮುದುಕ ಬಂದು ಕಟ್ಟೆಯ ಮೇಲೆ ಕೂತರೆ ಏಳುವುದಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ತಪ್ಪಿರಬಹುದು. ಅವತ್ತು ತರಣಾದ ಕೊನೆಯ ರವಿವಾರ. ಅವ್ವನ ಮೊಣಕಾಲು ನೋವು ಶುರುವಾದ ಮೇಲೆ ರವಿವಾರದ ಸಂತೆಚೀಲ ನನ್ನ ಪಾಲಿಗೆ ಬಂದಿದೆ. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಹೇಳಿದಳು: "ಅಳಂಬಿ ಬಂದಿದ್ರ ತಗೊಂಡ ಬಾ. ಈ ಮಳಿ ಹೋದ್ರ ಮತ್ತ ಮುಂದಿನ ವರ್ಷಾನ." ಅಳಂಬಿ ಅಂದ್ರೆ ಕಾಡಿನ ಅಣಬೆ.

ಬೆರಳಿನ ರೇಟು

ನಮ್ಮ ಭಾಜಿ ಮಾರ್ಕೆಟ್ಟಿಗೆ ಪತ್ರಾಸಿನ ಮಾಡು, ಅಂದ್ರೆ ತಗಡಿನದ್ದು. ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಕೆಳಗೆ ಸಾಲಾಗಿ ಕಟ್ಟೆಗಳು, ಕಟ್ಟೆಗಳ ನಡುವೆ ಇಬ್ಬರು ಎದುರಾದರೆ ಒಬ್ಬರು ಅಡ್ಡ ತಿರುಗಿ ನಿಲ್ಲಬೇಕಾದಷ್ಟೇ ದಾರಿ. ಗಣಪತ ಗಲ್ಲಿ, ಖಡೇ ಬಜಾರ್ ಸುತ್ತಿ ಬಂದವರಿಗೆ ಯಾವುದು ಅಂತ ಗೊತ್ತಾಗುತ್ತದೆ, ಗೊತ್ತಾಗದಿದ್ದರೂ ನಡೆಯುತ್ತದೆ. ಬೇಸಿಗೆಯಲ್ಲಿ ಅದು ಬರೀ ಒಂದು ಶೆಡ್ಡು. ಮಳೆ ಬಂದಾಗ ಮಾತ್ರ ಅದು ಒಂದು ದೊಡ್ಡ ಡೋಲಿನ ಹೊಟ್ಟೆ, ನಾವೆಲ್ಲ ಅದರೊಳಗೆ. ಜೋರು ಮಳೆ ಹಿಡಿದರೆ ಪಕ್ಕದವನ ಮಾತು ಕೇಳಿಸುವುದಿಲ್ಲ. ಮುಂಜಾನೆಯಿಂದ "ಹತ್ತಕ್ಕೆರಡ, ಹತ್ತಕ್ಕೆರಡ" ಅಂತ ಕೂಗಿ ಗಂಟಲು ಕಟ್ಟಿಕೊಂಡ ಹುಡುಗರು ಕೂಡ ಬಾಯಿ ಮುಚ್ಚಿಕೊಂಡು ಚಹಾ ತರಿಸುತ್ತಾರೆ.

ಆಗ ವ್ಯಾಪಾರ ಬೆರಳಿಗೆ ಇಳಿಯುತ್ತದೆ. ನೀವು ಬೆಂಡಿಕಾಯಿ ಎತ್ತಿ ತೋರಿಸಿ ಹುಬ್ಬು ಹಾರಿಸಿದರೆ ಆಕಡೆಯಿಂದ ಆರು ಬೆರಳು. ಕಿಲೋಗೆ 60 ಅಂತ ಅರ್ಥ. ಪಾವ್ ಕಿಲೋ ಬೇಕು ಅಂದ್ರೆ ನೀವು ತೋರುಬೆರಳಿನ ಮೇಲೆ ಹೆಬ್ಬೆರಳು ಒತ್ತಿ ಚೂರು ತೋರಿಸಬೇಕು. ಕೊತ್ತಂಬರಿ ಸಿವುಡಿಗೆ ಒಂದು ಬೆರಳು ಎತ್ತಿದರೆ ಅದು ಹತ್ತೇ ಹೊರತು ನೂರಲ್ಲ. ಯಾರಿಗೂ ಯಾರೂ ಕಲಿಸಿದ್ದಲ್ಲ ಇದು. ನಮ್ಮ ಅಜ್ಜ ಎತ್ತು ಕೊಳ್ಳಲು ಜಾತ್ರೆಗೆ ಹೋದಾಗ ದಲಾಲಿ ಟವೆಲ್ ಕೆಳಗೆ ಕೈ ಹಿಡಿದು ಬೆರಳು ಒತ್ತಿ ರೇಟು ಮುಗಿಸುತ್ತಿದ್ದನಂತೆ. ಅದು ಗುಟ್ಟಿನ ವ್ಯಾಪಾರ. ಇದು ಎಲ್ಲರ ಎದುರಿಗೇ ಆಗುವ ಮೂಕ ವ್ಯಾಪಾರ.

ನಾನು ಗಮನಿಸಿದ್ದು ಏನಂದ್ರೆ, ಜೋರು ಮಳೆಯಲ್ಲಿ ಚೌಕಾಸಿ ನಡೆಯುವುದಿಲ್ಲ. ಆರು ಬೆರಳಿಗೆ ನೀವು ಐದು ತೋರಿಸಬಹುದು, ಅಷ್ಟೇ. "ನಿನ್ನೆ ನಿಮ್ಮ ಅಣ್ಣ ಐವತ್ತಕ್ಕ ಕೊಟ್ಟಾನ", "ಎಲ್ಲಾ ಬಲತು ಹೋಗ್ಯಾವಲ್ರೀ", "ದಿನಾ ಬರೂ ಗಿರಾಕಿ ನಾವು" ಅನ್ನುವುದನ್ನೆಲ್ಲ ಬೆರಳಲ್ಲಿ ಹೇಳೋದು ಹೇಗೆ? ಅವನು ತಲೆ ಅಲ್ಲಾಡಿಸುತ್ತಾನೆ, ನೀವು ಸುಮ್ನೆ ದುಡ್ಡು ಕೊಡುತ್ತೀರಿ. ಮಳೆ ಇಳಿದು ಮಾತು ಕೇಳಿಸತೊಡಗಿದ ಕೂಡಲೇ ಮಾರ್ಕೆಟ್ಟಿನಲ್ಲಿ ಎಲ್ಲಾ ಕಡೆ ಒಮ್ಮೆಲೇ ಜಗಳ ಶುರುವಾಗುತ್ತದೆ. ಅಷ್ಟು ಹೊತ್ತು ಒಳಗೆ ಇಟ್ಟುಕೊಂಡಿದ್ದೆಲ್ಲ ಹೊರಗೆ.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಅಂದ್ರೆ, ನಾನು 120 ರೂಪಾಯಿ ಉಳಿಸಿದ್ದು ಮಳೆ ಇಳಿದ ಹೊತ್ತಿನಲ್ಲಿ.

ಮೂಡಣದ್ದು, ಪಡುವಣದ್ದು

ಒಳಗೆ ಒಂದು ಸುತ್ತು ಹಾಕಿದರೆ ನಮ್ಮ ಜಿಲ್ಲೆಯ ನಕಾಶೆಯನ್ನೇ ಸುತ್ತಿದ ಹಾಗೆ. ಒಂದೇ ಜಿಲ್ಲೆ ಅಂತ ಹೆಸರಿಗೆ. ಪಶ್ಚಿಮಕ್ಕೆ ಕಣಕುಂಬಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟಿದರೆ ಅದು ಸುದ್ದಿಯೇ ಅಲ್ಲ. ಮಲಪ್ರಭೆ ಹುಟ್ಟುವ ಊರು ಅದು. ಪೂರ್ವಕ್ಕೆ ಅಥಣಿಯಲ್ಲಿ 600ರ ಆಸುಪಾಸು ಬಂದರೆ ರೈತರು ಒಳ್ಳೇ ವರ್ಷ ಅಂತಾರೆ. ಮಾರ್ಕೆಟ್ಟಿನ ಒಂದು ಕಟ್ಟೆಯಲ್ಲಿ ಮುಳಗಾಯಿ, ಚವಳಿಕಾಯಿ, ಹಸಿಮೆಣಸಿನಕಾಯಿ, ಪುಂಡಿಪಲ್ಯ. ಅದರ ಎದುರಿನ ಕಟ್ಟೆಯಲ್ಲಿ ಮಡಹಾಗಲ, ಹಲಸಿನ ಬೀಜ, ಕೆಸುವಿನ ಎಲೆ. ನಡುವೆ ಮೂರಡಿ ರಾಡಿ. ಈಕಡೆಯವರು "ಮಳಿ ಇಲ್ರೀ, ಬಾವಿ ನೀರಿಗೆ ಬೆಳದದ್ದು" ಅಂತ ಹೇಳಿ ರೇಟು ಏರಿಸುತ್ತಾರೆ. ಆಕಡೆಯವರು "ಮಳಿ ಬಾಳಾತ್ರೀ, ಎಲ್ಲಾ ಕೊಳತಾವು" ಅಂತ ಹೇಳಿ ರೇಟು ಏರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅದೇ ಮಜಾ.

ಬಾಗಿಲ ಹತ್ತಿರ ಬಟಾಟಿ ಕಾಕಾನ ಕಟ್ಟೆ. ಬಟಾಟಿ, ಕೋಬಿ, ಉಳ್ಳಾಗಡ್ಡಿ, ಇಷ್ಟೇ ಅವನ ಬಂಡವಾಳ. ಬೆಂಗಳೂರಿನಿಂದ ಬಂದ ನನ್ನ ಭಾವಮೈದ ಒಮ್ಮೆ ಅವನ ಹತ್ತಿರ ಆಲೂಗಡ್ಡೆ ಕೇಳಿದ. ಕಾಕಾ "ಅದು ಬೆಂಗಳೂರಾಗ ಸಿಗತೈತ್ರಿ, ನಮ್ಮಲ್ಲೆ ಬಟಾಟಿ" ಅಂದ. ಬಟಾಟಿ ಪೋರ್ಚುಗೀಸರ ಬಾಯಿಂದ ಬಂದ ಮಾತು, ಗೋವಾ ದಾಟಿ ಘಟ್ಟ ಹತ್ತಿ ಬಂದಿದೆ. ಕೋಬಿಯೂ ಹಾಗೆಯೇ, ತಿನ್ನುವ ಪಾವ್ ಕೂಡ. ಮಾತು ಘಟ್ಟ ಹತ್ತಿ ಬಂತು, ತರಕಾರಿ ಘಟ್ಟ ಇಳಿದು ಹೋಗುತ್ತದೆ. ಗೋವಾದ ಅಡುಗೆಮನೆಗೆ ಬೆಳಗಾವಿಯ ಕಾಯಿಪಲ್ಯೆ ಬೇಕೇ ಬೇಕು. ಚೋರ್ಲಾ ಘಾಟಿನಲ್ಲಿ ಗುಡ್ಡ ಜಾರಿ ರಸ್ತೆ ನಿಂತಿತು ಅಂದ್ರೆ ಅವತ್ತು ನಮ್ಮಲ್ಲಿ ಟೊಮೆಟೊ ಸೋವಿ. 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದು ಕೊಲ್ಹಾಪುರದ ಹತ್ತಿರ ಹೆದ್ದಾರಿಯೇ ಮುಳುಗಿದಾಗ ಲಾರಿಗಳು ಸಾಲಾಗಿ ನಿಂತಿದ್ದವಲ್ಲ, ಆ ವಾರ ಕಾಕಾ ನನಗೆ ಒಂದು ಹಸಿಮೆಣಸಿನಕಾಯಿ ಚೀಲವನ್ನು ತೋರಿಸಿ "ಬೇಕಾದಷ್ಟ ತುಂಬಕೋರಿ, ರೊಕ್ಕ ಬ್ಯಾಡ" ಅಂದಿದ್ದ. ಅದೇ ಹೊತ್ತಿಗೆ ಗೋಕಾಕದಲ್ಲಿ ಮನೆ ಕಳೆದುಕೊಂಡವರು ಛತ್ರದಲ್ಲಿ ಕೂತಿದ್ದರು. ಆ ಮೆಣಸಿನಕಾಯಿ ತಂದೆನೋ ಇಲ್ಲವೋ ಈಗ ನೆನಪಾಗುತ್ತಿಲ್ಲ. ತಂದಿರಬೇಕು.

ಮಳೆಗಾಲದಲ್ಲಿ ಕಾಕಾನಿಗೆ ಉಳ್ಳಾಗಡ್ಡಿಯದ್ದೇ ಚಿಂತೆ. ತೇವ ಹಿಡಿದರೆ ಮೊಳಕೆ ಒಡೆಯುತ್ತದೆ, ಒಂದು ಕೊಳೆತರೆ ಚೀಲಕ್ಕೆ ಚೀಲ ಹೋಗುತ್ತದೆ. ಗಿರಾಕಿಗಳಿಗೆ ಇಲ್ಲದ ಫ್ಯಾನು ಅವನ ಉಳ್ಳಾಗಡ್ಡಿಗೆ ಇದೆ. ಇಪ್ಪತ್ನಾಲ್ಕು ತಾಸೂ ಅದರ ಮುಖಕ್ಕೆ ಗಾಳಿ. ಪಕ್ಕದ ಬೆಲ್ಲದ ಅಂಗಡಿಯಲ್ಲಿ ಪೆಂಟಿಗಳು ಬೆವರಿ ಪ್ಲಾಸ್ಟಿಕ್‌ಗೆ ಅಂಟಿಕೊಂಡಿರುತ್ತವೆ. ಒಣಮೆಣಸಿನಕಾಯಿ ಈ ಹೊತ್ತಿನಲ್ಲಿ ಕೊಳ್ಳುವವರು ಹೊಸದಾಗಿ ಸಂಸಾರ ಹೂಡಿದವರು ಮಾತ್ರ. ಮೆತ್ತಗಾಗಿ ತೇವ ಕುಡಿದು ತೂಕ ಜಾಸ್ತಿ ಬರುತ್ತದೆ, ನೀರಿಗೆ ದುಡ್ಡು ಕೊಟ್ಟ ಹಾಗೆ. ನಮ್ಮ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಏಪ್ರಿಲ್ ಬಿಸಿಲಿನಲ್ಲೇ ಮಾಳಿಗೆಯ ಮೇಲೆ ಒಣಗಿ, ಖಾರ ಕುಟ್ಟಿಸಿ, ಬರಣಿ ಸೇರಿ ಆಗಿರುತ್ತದೆ.

ಮೀನಿನ ಕಡೆ ಹೋಗುವುದಿದ್ದರೆ ಬೇರೆ ಕಡೆ ಹೋಗಬೇಕು, ಜುಲೈನಲ್ಲಿ ಅಲ್ಲಿ ಹೇಳುವಂಥದ್ದು ಜಾಸ್ತಿ ಇರುವುದೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕಾರವಾರ, ಗೋವಾ ಎರಡೂ ಕಡೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಪೂರ್ವ ಕರಾವಳಿಯ ಬಂದಿ ಜೂನ್ 14ಕ್ಕೇ ಮುಗಿದಿರುತ್ತದೆ, ಆದ್ದರಿಂದ ಈ ದಿನಗಳಲ್ಲಿ ಐಸಿನಲ್ಲಿ ಬರುವ ಮೀನು ಬಂಗಾಳ ಕೊಲ್ಲಿಯದ್ದು ಇರಬಹುದು. ತಿನ್ನುವವರು ಮೂಗು ಮುರಿಯುತ್ತಾರೆ, ಒಣಸಿಗಡಿ ಕೊಂಡು ಮನೆಗೆ ಹೋಗುತ್ತಾರೆ. ಆಮೇಲೆ ಶ್ರಾವಣ ಬಂದರೆ ಅದೂ ಇಲ್ಲ.

ಎರಡು ತಿಂಗಳ ಪಲ್ಯ

ನಾನು ಹೇಳಬೇಕಿದ್ದು ಬಾಗಿಲ ಆಚೆಯ ಮಾತು. ಪತ್ರಾಸಿನ ಇಳಿಜಾರು ಮುಗಿಯುವಲ್ಲಿ ನೀರು ಧಾರೆಯಾಗಿ ಸುರಿಯುತ್ತದೆ. ವರ್ಷಗಟ್ಟಲೆ ಬಿದ್ದು ಬಿದ್ದು ಕೆಳಗಿನ ಕಾಂಕ್ರೀಟಿನಲ್ಲಿ ಒಂದು ಸಾಲು ಕುಳಿಗಳಾಗಿವೆ, ಸರಿಯಾಗಿ ಗೆರೆ ಎಳೆದ ಹಾಗೆ. ಗೆರೆಯ ಒಳಗೆ ಕಟ್ಟೆ ಇದ್ದವರು. ಗೆರೆಯ ಹೊರಗೆ ಬುಟ್ಟಿ ಇದ್ದವರು.

ಬುಟ್ಟಿಯವರು ಹೆಚ್ಚಾಗಿ ಹೆಂಗಸರು. ಖಾನಾಪುರ, ಜಾಂಬೋಟಿ ಕಡೆಯಿಂದ ಮುಂಜಾನೆಯ ಬಸ್ಸಿಗೆ ಬರುತ್ತಾರೆ. ವರ್ಷವಿಡೀ ಬರುವವರಲ್ಲ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಕಾಡು ಕೊಟ್ಟಷ್ಟು ದಿನ. ಕಳಲೆ, ಅಳಂಬಿ, ತಗಚೆ ಸೊಪ್ಪಿನ ಎಳೆ ಕುಡಿ, ಮಡಹಾಗಲ. ಕಟ್ಟೆಯ ಮೇಲಿನವರ ಹತ್ತಿರ ಇವು ಸಿಗುವುದಿಲ್ಲ, ಸಿಕ್ಕರೂ ಬೆಳಿಗ್ಗೆ ಇವರ ಹತ್ತಿರವೇ ಕೊಂಡದ್ದು.

ವೇಣುಗ್ರಾಮ, ಬಿದಿರಿನ ಊರು ಅಂತ ಊರಿನ ಹಳೆಯ ಹೆಸರು ಹೇಳಿ ಹೆಮ್ಮೆ ಪಡುತ್ತೇವೆ, ಅಲ್ವಾ? ಆ ವೇಣು ಈಗ ಊರೊಳಗೆ ಬರುವುದು ಈ ಬುಟ್ಟಿಗಳಲ್ಲಿ ಮಾತ್ರ, ಅದೂ ಎಳೆ ಮೊಳಕೆಯಾಗಿ. ಕಳಲೆಯನ್ನು ಸುಮ್ನೆ ಹೆಚ್ಚಿ ಒಗ್ಗರಣೆ ಹಾಕುವಂತಿಲ್ಲ. ಹಸಿಯಾಗಿದ್ದಾಗ ಅದರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಅವ್ವನಿಗೆ ಸಯನೈಡ್ ಗೊತ್ತಿಲ್ಲ, ಆದರೆ ತೆಳ್ಳಗೆ ಹೆಚ್ಚಿ, ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಮೂರನೇ ದಿನ ಕುದಿಸಿ ಆ ನೀರನ್ನೂ ಚೆಲ್ಲಬೇಕು ಅಂತ ಗೊತ್ತು. ಎರಡನೇ ದಿನ ಅಡುಗೆಮನೆಗೆ ಒಂದು ಹುಳಿ ವಾಸನೆ ಬರುತ್ತದೆ. ಮಕ್ಕಳು ಮೂಗು ಮುಚ್ಚಿಕೊಂಡು ಓಡಾಡುತ್ತಾರೆ. ನನಗೆ ಮಳೆಗಾಲ ಅಂದ್ರೆ ಅದೇ ವಾಸನೆ.

ಅಳಂಬಿಯದ್ದು ಇನ್ನೊಂದು ಕತೆ. ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುವ ಬಿಳಿ ಗುಂಡಿಯಂಥ ಅಣಬೆ ಅಲ್ಲ ಇದು. ಹುತ್ತದ ಮೇಲೆ, ಗೆದ್ದಲು ಒಳಗೆ ಸಾಕಿಕೊಂಡ ಬೂಷ್ಟಿನಿಂದ ಏಳುವಂಥದ್ದು. ಗೆದ್ದಲು ಇಲ್ಲದೆ ಅದಿಲ್ಲ, ಅದಕ್ಕೇ ಯಾರೂ ಶೆಡ್ಡಿನಲ್ಲಿ ಬೆಳೆಯಲಾರರು. ಗುಡುಗಿನ ಮಳೆ ಆಗಿ ನೆಲ ನೆನೆದ ಮೇಲೆ ಒಂದು ಮುಂಜಾನೆ ಕೊಡೆ ಬಿಚ್ಚಿಕೊಂಡು ನಿಂತಿರುತ್ತದೆ. ಎಲ್ಲಿ ಏಳುತ್ತದೆ ಅಂತ ಗೊತ್ತಿದ್ದವರು ಇನ್ನೊಬ್ಬರಿಗೆ ಹೇಳುವುದಿಲ್ಲ. ಕಿತ್ತ ದಿನವೇ ಮಾರಬೇಕು, ಕೊಂಡ ದಿನವೇ ತಿನ್ನಬೇಕು. ರಾತ್ರಿ ಕಳೆದರೆ ಹುಳ, ಕರಗಿ ನೀರು. ಅವ್ವ ಅದನ್ನು ಅರಿಸಿನದ ನೀರಲ್ಲಿ ತೊಳೆದು, ಕಾಂಡದ ಮಣ್ಣನ್ನು ಉಗುರಿನಿಂದ ಹೆರೆದು, ಒಣಕೊಬ್ಬರಿ ಹುರಿದು ರುಬ್ಬಿ ಸಾರು ಮಾಡುತ್ತಾಳೆ. ಅವತ್ತು ರೊಟ್ಟಿಯ ಲೆಕ್ಕ ಯಾರೂ ಇಡುವುದಿಲ್ಲ.

ನಾಲ್ಕು ಮುಕ್ಕಾಲು

ನಾನು ಮಾರ್ಕೆಟ್ಟಿನಿಂದ ಹೊರಬಿದ್ದಾಗ ನಾಲ್ಕು ಮುಕ್ಕಾಲು. ಮಳೆ ಇಳಿದು ಜಿಟಿಜಿಟಿ ಆಗಿತ್ತು. ಕುಳಿಗಳ ಗೆರೆಯ ಆಚೆ ಒಬ್ಬಳೇ ಉಳಿದಿದ್ದಳು. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ಮಾಡಿದ ಕೊಪ್ಪೆ, ಅದರ ಮೇಲೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲದ ಇನ್ನೊಂದು ಕೊಪ್ಪೆ. ಮುಂದೆ ಸಾಗವಾನಿ ಎಲೆಗಳ ಮೇಲೆ ಮೂರು ಗುಂಪಿ ಅಳಂಬಿ. ಎಳೆ ಸಾಗವಾನಿ ಎಲೆ ಉಜ್ಜಿದರೆ ಕೆಂಪು ಬಣ್ಣ ಬಿಡುತ್ತದೆ. ಮುಂಜಾನೆಯಿಂದ ಎಲೆ ಮಡಚಿ ಕಟ್ಟಿ ಕಟ್ಟಿ ಅವಳ ಬೆರಳ ತುದಿಗಳೆಲ್ಲ ಮೆಹಂದಿ ಹಚ್ಚಿದ ಹಾಗೆ ಆಗಿದ್ದವು.

"ಹೆಂಗ ಕೊಟ್ಟಿ, ಅವ್ವಾ?"

"ನೂರಕ್ಕ ಒಂದ ಗುಂಪಿ, ತಮ್ಮಾ. ಮೂರ ಉಳದಾವ ನೋಡು."

"ಮೂರಕ್ಕೂ ಕೂಡಿ ನೂರೈವತ್ತ ತಗೋ."

"ಇಲ್ಲೋ ಯಪ್ಪಾ. ಮುಂಜಾನೆ ಒಂದಕ್ಕ ನೂರೈವತ್ತರಂಗ ಮಾರೇನಿ." ಮೇಲೆ ನೋಡಿದಳು, ಆಮೇಲೆ ರಸ್ತೆಯ ಕಡೆ ನೋಡಿದಳು. "ಎರಡ ನೂರಾ ಐವತ್ತ ಕೊಡು."

ನಾನು ಎದ್ದು ಎರಡು ಹೆಜ್ಜೆ ಹಾಕಿದೆ. ಬೇರೆಯವರು ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ, ನಾನು ಮಾಡಿದ್ದು ಅದೇ ಮೊದಲು. ಬೆನ್ನ ಹಿಂದಿನಿಂದ ಕರೆದಳು. "ಬಾ ಬಾ. ನೂರಾ ಎಂಬತ್ತ ಕೊಟ್ಟ ತಗೊಂಡ ಹೋಗು."

ಎಲೆ ಸಮೇತ ಮೂರೂ ಗುಂಪಿಗಳನ್ನು ನನ್ನ ಚೀಲಕ್ಕೆ ಇಳಿಸಿದಳು. ದುಡ್ಡನ್ನು ಎಣಿಸಲಿಲ್ಲ. ಖಾಲಿ ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಳು, ಚಪ್ಪಲಿ ಕೈಯಲ್ಲಿ ಹಿಡಿದಳು, ಬಸ್ ಸ್ಟ್ಯಾಂಡಿನ ದಿಕ್ಕಿಗೆ ಓಡಿದಳು. ಆ ವಯಸ್ಸಿನವರು ಅಷ್ಟು ಜೋರಾಗಿ ಓಡುವುದನ್ನು ನಾನು ನೋಡಿರಲಿಲ್ಲ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. 300ರಲ್ಲಿ 180 ಹೋದರೆ 120 ಅಂತ ಲೆಕ್ಕ ಹಾಕುತ್ತಿದ್ದೆ.

ಮನೆಯಲ್ಲಿ ಅವ್ವ ಅಳಂಬಿಯನ್ನು ಒಂದೊಂದೇ ಎತ್ತಿ ತಟ್ಟೆಗೆ ಹಾಕಿದಳು. ಒಳ್ಳೇವು, ಮೊಗ್ಗು ಅರ್ಧ ಬಿಚ್ಚಿದಂಥವು. "ಎಷ್ಟಕ್ಕ ತಂದಿ?" ಅಂದಳು. ಮೂರಕ್ಕೆ 180 ಅಂದೆ, ಧ್ವನಿಯಲ್ಲಿ ಸ್ವಲ್ಪ ಜಂಬ ಇತ್ತು. ಅವಳು ಕೈಯಲ್ಲಿದ್ದ ಸಾಗವಾನಿ ಎಲೆಯನ್ನು ಬಿಡಿಸಿ ಒರೆಸುತ್ತಾ ಕೇಳಿದಳು: "ಬಸ್ಸಿನ ಹೊತ್ತಾಗಿತ್ತೇನು?"

ಅಷ್ಟೇ. ಬೈಯಲಿಲ್ಲ. ನನ್ನ ಮುಖ ಕೂಡ ನೋಡಲಿಲ್ಲ. ಅವ್ವನ ತವರು ಖಾನಾಪುರ ತಾಲೂಕು. ಸಾರು ಮಾಡಿದಳು, ಎಲ್ಲರೂ ಉಂಡೆವು. ಸಾರು ಬಹಳ ಚಲೋ ಆಗಿತ್ತು. ಅಪರಾಧ ಮಾಡಿದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅಂತಾರಲ್ಲ, ನನಗೇನೂ ಹಾಗೆ ಆಗಲಿಲ್ಲ. ಎರಡು ಸಲ ಹಾಕಿಸಿಕೊಂಡೆ.

ಕಟ್ಟೆಯವರ ಮಾತು

ಆಮೇಲೆ ಶುರುವಾಯಿತು. ರೇಟು ಯಾರು ಇಡುತ್ತಾರೆ ಅನ್ನುವುದು ನನಗೆ ಅಲ್ಲಿಯವರೆಗೆ ಪ್ರಶ್ನೆಯೇ ಆಗಿರಲಿಲ್ಲ. ಮಾಲು ಜಾಸ್ತಿ ಬಂದರೆ ಇಳಿಯುತ್ತದೆ, ಕಡಿಮೆ ಬಂದರೆ ಏರುತ್ತದೆ. ಆದರೆ ಅವತ್ತು ಅಳಂಬಿ ಜಾಸ್ತಿ ಇರಲಿಲ್ಲ, ಕೊಳ್ಳುವವನು ನಾನು ಎದುರಿಗೇ ಇದ್ದೆ, ನನಗೆ ಅದು ಬೇಕೂ ಇತ್ತು. ಹಾಗಾದರೆ 120 ಇಳಿದದ್ದು ಯಾಕೆ? ಗಡಿಯಾರ ನಾಲ್ಕು ಮುಕ್ಕಾಲು ಆಗಿತ್ತು ಅಂತ. ಬಟಾಟಿ ಕಾಕಾ ನಾಲ್ಕು ಮುಕ್ಕಾಲಿಗೆ ಒಂದು ಪೈಸೆ ಬಿಡುವುದಿಲ್ಲ. ಅವನಿಗೆ ನಾಳೆ ಇದೆ, ಕಟ್ಟೆಯ ಕೆಳಗೆ ಬೀಗ ಹಾಕುವ ಪೆಟ್ಟಿಗೆ ಇದೆ, ಫ್ಯಾನು ಇದೆ. ಅವಳ ಅಳಂಬಿಗೂ ನಾಳೆ ಇರಲಿಲ್ಲ, ಅವಳ ಬಸ್ಸಿಗೂ ಇನ್ನೊಂದು ಟ್ರಿಪ್ ಇತ್ತೋ ಇಲ್ಲವೋ. ಸೂರು ಅಂದ್ರೆ ಮಳೆಯಿಂದ ತಪ್ಪಿಸಿಕೊಳ್ಳಲು ಅಂತ ತಿಳಿದಿದ್ದೆ. ಹೊತ್ತಿನಿಂದಲೂ ತಪ್ಪಿಸಿಕೊಳ್ಳಬಹುದು ಅಂತ ತಿಳಿದಿರಲಿಲ್ಲ.

ಮುಂದಿನ ರವಿವಾರ ಕಾಕಾನ ಹತ್ತಿರ ಈ ಮಾತು ತೆಗೆದೆ. ಅವನು ಬಟಾಟಿ ತೂಗುತ್ತಾ ನಕ್ಕ. "ನಿಮಗ ಅವರದಷ್ಟ ಕಾಣತೈತ್ರಿ. ನಾವು ತಿಂಗಳಾ ಬಾಡಿಗಿ ಕಟ್ಟತೀವಿ, ಲೈಟಿನ ಬಿಲ್ ಕಟ್ಟತೀವಿ. ಗಿರಾಕಿ ಬಾಗಲಾ ದಾಟೂದರಾಗ ಹೊರಗನ ಚೀಲ ತುಂಬಿಸಿ ಕಳಸಿಬಿಟ್ರ ಒಳಗ ನಾವೇನ ಭಜನಿ ಮಾಡ್ಕೋತ ಕೂಡೂದು?" ಅವನ ಮಾತೂ ಸುಳ್ಳಲ್ಲ. ಅವನ ಅಪ್ಪ ತಲೆಯ ಮೇಲೆ ಬುಟ್ಟಿ ಹೊತ್ತು ಗಲ್ಲಿ ಗಲ್ಲಿ ತಿರುಗಿದವನು, ಕಟ್ಟೆ ಸಿಗಲು ಎಷ್ಟು ವರ್ಷ ಓಡಾಡಿದ ಅಂತ ಕಾಕಾ ಬಹಳ ಸಲ ಹೇಳಿದ್ದಾನೆ. ಹೊರಗಿನವರೇನೂ ಪುಕ್ಕಟೆ ಕೂರುವುದಿಲ್ಲ ಅಂತ ನಾನು ಹೇಳಿದೆ. ಅವರ ಹತ್ತಿರವೂ ದಿನದ ಚೀಟಿ ಹರಿದು ದುಡ್ಡು ಇಸಿದುಕೊಂಡು ಹೋಗುವವನು ಬರುತ್ತಾನೆ. "ಹತ್ತ ಇಪ್ಪತ್ತ ರೂಪಾಯಿ ಯಾವ ಲೆಕ್ಕರೀ" ಅಂದ ಕಾಕಾ. ಬುಟ್ಟಿಯಲ್ಲಿ ಇರುವುದೇ ಐನೂರರ ಮಾಲು ಆದಾಗ ಅದು ಲೆಕ್ಕವೇ. ಆದರೆ ತಕ್ಕಡಿ ಅವನ ಕೈಯಲ್ಲಿತ್ತು, ನಾನು ವಾದ ಬೆಳೆಸಲಿಲ್ಲ.

ಬೀದಿ ಬದಿ ವ್ಯಾಪಾರಿಗಳಿಗೆ 2014ರಲ್ಲಿ ಒಂದು ಕಾಯ್ದೆ ಬಂದಿದೆ. ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಆಗಬೇಕು, ಸರ್ಟಿಫಿಕೇಟ್ ಕೊಡಬೇಕು, ಊರಿನ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಓದಲು ಚಲೋ ಇದೆ. ಇದನ್ನು ಓದುವಾಗ ನನಗೆ ಬಂದ ಪೆದ್ದ ಪ್ರಶ್ನೆ ಒಂದೇ. ಸರ್ವೆಯವರು ಜನವರಿಯಲ್ಲಿ ಬಂದರೆ? ಅಳಂಬಿಯ ಹೆಂಗಸು ಜನವರಿಯಲ್ಲಿ ಎಲ್ಲಿರುತ್ತಾಳೆ? ವರ್ಷಕ್ಕೆ ನಲವತ್ತು ದಿನ ಮಾತ್ರ ವ್ಯಾಪಾರಿಯಾಗಿ ಇರುವವಳನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?

ಕಾಕಾನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಮಳೆ ನಿಜವಾಗಲೂ ಬಡಿಯತೊಡಗಿದಾಗ ಅವನು ಎದ್ದು ತನ್ನ ಉಳ್ಳಾಗಡ್ಡಿ ಚೀಲಗಳನ್ನು ಕಾಲಿನಿಂದ ಹಿಂದಕ್ಕೆ ದೂಡುತ್ತಾನೆ. ಮಾತಿಲ್ಲ, ಸನ್ನೆಯೂ ಇಲ್ಲ. ಹೊರಗಿನ ಹೆಂಗಸರು ಇದಕ್ಕೇ ಕಾದಿದ್ದವರ ಹಾಗೆ ಬುಟ್ಟಿ ಎತ್ತಿಕೊಂಡು ಆ ಎರಡಡಿ ಜಾಗಕ್ಕೆ ಬಂದು ಕೂರುತ್ತಾರೆ. ಬೇರೆ ಕಟ್ಟೆಯವರೂ ಹಾಗೇ ಮಾಡುತ್ತಾರೆ. ಇಡೀ ಮಾರ್ಕೆಟ್ಟು ಒಂದು ಗೇಣು ಹಿಂದಕ್ಕೆ ಸರಿಯುತ್ತದೆ. ಆ ಅರ್ಧ ತಾಸು ಕುಳಿಗಳ ಗೆರೆಯ ಆಚೆ ಬರೀ ನೀರು. ಮಳೆ ಇಳಿಯುತ್ತದೆ, ಮಾತು ಕೇಳಿಸುತ್ತದೆ, ಕಾಕಾನ ಮೊದಲ ಮಾತು: "ಹೂಂ, ಇನ್ನ ಹೊರಗ ನಡೀರಿ, ಗಿರಾಕಿ ಬರಾಕ ಹಾದಿ ಇಲ್ಲ." ಅವರೂ ಏನೂ ಅನ್ನದೆ ಎದ್ದು ಹೋಗುತ್ತಾರೆ. ಸಿಟ್ಟಿಲ್ಲ, ಉಪಕಾರದ ಮಾತೂ ಇಲ್ಲ. ಇದು ದಯೆಯೋ, ವಾಡಿಕೆಯೋ ನನಗೆ ಇನ್ನೂ ತಿಳಿದಿಲ್ಲ. ಕಾಕಾನನ್ನು ಕೇಳಿದರೆ "ಮತ್ತೇನ ಮಳಿಯಾಗ ಕೂಡಸೂದೇನ್ರಿ?" ಅಂತ ನನ್ನನ್ನೇ ಬೈಯುತ್ತಾನೆ.

ಈ ವರ್ಷ

ಈ ವರ್ಷ ತರಣಾದ ರವಿವಾರ ಬೇಗ ಹೋದೆ. ಮೂರು ಗಂಟೆಗೆಲ್ಲ ಅಲ್ಲಿದ್ದೆ. ಅವಳನ್ನು ಹುಡುಕಬೇಕು, ಅಳಂಬಿ ಕೊಂಡು ಹೇಳಿದಷ್ಟು ಕೊಡಬೇಕು, ಸಾಧ್ಯವಾದರೆ ಹಳೆಯ 120 ಕೂಡ ಹೇಗಾದರೂ ಸೇರಿಸಿ ಕೊಡಬೇಕು ಅಂತ ಮನಸ್ಸಿನಲ್ಲಿತ್ತು. ಹೇಗೆ ಕೊಡುವುದು ಅಂತ ಸ್ಕೂಟರಿನ ಮೇಲೆ ಎರಡು ಮೂರು ಮಾತು ಕೂಡ ಜೋಡಿಸಿಕೊಂಡಿದ್ದೆ.

ಮಳೆ ಹಿಂದಿನ ವರ್ಷಕ್ಕಿಂತ ಜೋರು. ಒಳಗೆ ಕಾಲಿಟ್ಟರೆ ಡೋಲಿನ ಹೊಟ್ಟೆ. ಹೆಂಗಸರೆಲ್ಲ ಒಳಗೆ ಬಂದು ಕಟ್ಟೆಗಳ ಬುಡಕ್ಕೆ ಒತ್ತಿಕೊಂಡು ಕೂತಿದ್ದರು. ಅಳಂಬಿಯವರೇ ಆರೇಳು ಮಂದಿ. ನಾನು ಸಾಲಿನ ಈ ತುದಿಯಿಂದ ಆ ತುದಿಗೆ ನೋಡುತ್ತಾ ಹೋದೆ, ಮತ್ತೆ ವಾಪಸ್ ಬಂದೆ. ಎಲ್ಲರಿಗೂ ಗೋಣಿಚೀಲದ ಕೊಪ್ಪೆ. ಎಲ್ಲರಿಗೂ ಸಾಗವಾನಿ ಎಲೆಯ ಕೆಂಪು ಬೆರಳು. ಅವರಲ್ಲಿ ಯಾರು ಅವಳು? ನನಗೆ ಅವಳ ಕೊಪ್ಪೆ ನೆನಪಿತ್ತು, ಕೈ ನೆನಪಿತ್ತು, ಚಪ್ಪಲಿ ಹಿಡಿದು ಓಡಿದ್ದು ನೆನಪಿತ್ತು. ಮುಖ ನೆನಪಿರಲಿಲ್ಲ. ಅಷ್ಟು ಹೊತ್ತು ಎದುರು ಕೂತು ವ್ಯಾಪಾರ ಮಾಡಿದವನು ಅಳಂಬಿಯನ್ನೇ ನೋಡಿದ್ದೆ ಅಂತ ಕಾಣುತ್ತದೆ.

ಕೊನೆಗೆ ಕಾಕಾನ ಕಟ್ಟೆಯ ಹತ್ತಿರ ಕೂತ ಒಬ್ಬಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಇವಳೇ ಇರಬಹುದು, ಅಲ್ಲದೆಯೂ ಇರಬಹುದು. ವಯಸ್ಸು ಅಷ್ಟೇ. "ಬಸ್ಸ ಎಷ್ಟಕ್ಕೈತಿ?" ಅಂತ ಕೂಗಿದೆ. ಅವಳು ಕಿವಿಗೆ ಕೈ ಹಚ್ಚಿದಳು. ಇನ್ನೊಮ್ಮೆ ಕೂಗಿದೆ. ಅವಳು ಐದು ಬೆರಳು ಎತ್ತಿ ತೋರಿಸಿದಳು.

ಹೋದ ವರ್ಷ ಮುಂಜಾನೆಯ ರೇಟು ನೂರೈವತ್ತು ಇದ್ದದ್ದು ಐವತ್ತಕ್ಕೆ ಇಳಿದಿದೆಯೇ? ಏನೋ, ಮಾಲು ಜಾಸ್ತಿ ಬಂದಿರಬೇಕು. ಜೇಬಿನಿಂದ ಐವತ್ತರ ನೋಟು ತೆಗೆದು ಚಾಚಿದೆ. ಅವಳು ನೋಟು ನೋಡಿದಳು, ನನ್ನನ್ನು ನೋಡಿದಳು, ಪಕ್ಕದವಳ ತೊಡೆ ತಟ್ಟಿ ತೋರಿಸಿದಳು. ಇಬ್ಬರೂ ನಗತೊಡಗಿದರು. ನಗು ಕೇಳಿಸುತ್ತಿರಲಿಲ್ಲ, ಭುಜ ಕುಣಿಯುವುದಷ್ಟೇ ಕಾಣುತ್ತಿತ್ತು. ಹಿಂದಿನಿಂದ ಕಾಕಾ ಕೂಡ ಬಗ್ಗಿ ನೋಡಿದ. ಅವಳು ನನ್ನ ರೇನ್‌ಕೋಟಿನ ತೋಳು ಹಿಡಿದು ಎಳೆದು ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು: "ಬಸ್ಸ ಐದಕ್ಕೈತಿ! ಅಳಂಬಿ ನೂರೈವತ್ತ!"

ಕಾಕಾನ ಕಟ್ಟೆಯ ಮೇಲಿನ ಗಡಿಯಾರದಲ್ಲಿ ಮೂರೂ ಕಾಲು. ಎರಡು ಗುಂಪಿ ಕಟ್ಟಿಸಿಕೊಂಡೆ. ಒದ್ದೆ ಐವತ್ತನ್ನು ಒಳಗಿಟ್ಟು ನೂರರ ಮೂರು ನೋಟು ಕೊಟ್ಟೆ. ಜೋಡಿಸಿಕೊಂಡು ಬಂದಿದ್ದ ಮಾತು ಆ ಸದ್ದಿನಲ್ಲಿ ಹೇಳುವಂತಿರಲಿಲ್ಲ, ಹೇಳಿದ್ದರೂ ಯಾರಿಗೆ ಹೇಳುತ್ತಿದ್ದೆನೋ. ಅವಳು ನೋಟುಗಳನ್ನು ಒಮ್ಮೆ ಎಣಿಸಿದಳು. ನನ್ನ ಮುಖ ನೋಡಿ ಇನ್ನೊಮ್ಮೆ ಎಣಿಸಿದಳು.